ರಾತ್ರಿಯ ಆಟಕ್ಕೆ ಮೊಬೈಲ್ ಸಾಕೇ?

ಪ್ರಶ್ನೆ: ಊರಿನಲ್ಲಿ ನಡೆಯುವ ಕಟೀಲು ಮೇಳದ ಯಕ್ಷಗಾನ ಆಟಗಳ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆಯುತ್ತಿದ್ದೇನೆ. ಮುಂದೆ ಅವನ್ನು ದೊಡ್ಡದಾಗಿ ಮುದ್ರಿಸಿ ಪ್ರದರ್ಶನ ಏರ್ಪಡಿಸುವ ಆಸೆಯಿದೆ. 50 ಮೆಗಾಪಿಕ್ಸೆಲ್ ಮೊಬೈಲ್ ಇರುವಾಗ ಬೇರೆ ಕ್ಯಾಮೆರಾ ದಂಡದ ಖರ್ಚು ಎಂದು ಸ್ನೇಹಿತರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಪಣಂಬೂರಿನ ಕಡಲತೀರವನ್ನೋ ಹಗಲಿನ ರಥೋತ್ಸವವನ್ನೋ ತೆಗೆಯುವವರ ಮಟ್ಟಿಗೆ ನಿಮ್ಮ ಸ್ನೇಹಿತರ ಮಾತು ಬಹುಪಾಲು ಸರಿ. ಆದರೆ ನೀವು ಆರಿಸಿಕೊಂಡಿರುವುದು ಕಡಿಮೆ ಬೆಳಕಿನಲ್ಲಿ, ದೂರದ ರಂಗಸ್ಥಳದಲ್ಲಿ, ಕ್ಷಣವೂ ನಿಲ್ಲದೆ ಚಲಿಸುವ ವೇಷಗಳನ್ನು. ಈ ಮೂರೂ ಒಟ್ಟಾದ ಕಡೆ ಮೊಬೈಲ್ ಸಾಲದು.

ಪುಂಡುವೇಷ, ಅಂದರೆ ತರುಣ ವೀರನ ಪಾತ್ರ, ಧಿಗಿಣ (ಹಾರಿ ಗಿರಕಿ ಹೊಡೆಯುವ ಕುಣಿತ) ಹಾಕುವ ಗಳಿಗೆಯನ್ನೇ ನೋಡಿ. ಆ ಸುತ್ತನ್ನು ಸ್ಪಷ್ಟವಾಗಿ ಹಿಡಿಯಲು ಶಟರ್ ವೇಗ ಸೆಕೆಂಡಿನ 500ನೇ ಒಂದು ಭಾಗದಷ್ಟಾದರೂ ಬೇಕು. ಮೊಬೈಲಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು ಬೆಸೆಯುವುದರಿಂದ, ನಿಂತ ದೇವಸ್ಥಾನದ ಗೋಪುರ ಅದರಲ್ಲಿ ಚೆನ್ನಾಗಿ ಬಂದರೂ ಕುಣಿಯುವವರ ಕೈಕಾಲುಗಳು ಕಲಸಿಹೋಗುತ್ತವೆ. ಕತ್ತಲೆಯಲ್ಲಿ ಚಿತ್ರದ ಮೇಲೆ ಮೂಡುವ ಕಾಳುಕಾಳನ್ನು ತಂತ್ರಾಂಶ ಅಳಿಸುವಾಗ ಮುಖವರ್ಣಿಕೆಯ ಸೂಕ್ಷ್ಮ ಗೆರೆಗಳೂ ಅಳಿಸುತ್ತವೆ. ಪೋರ್ಟ್ರೇಟ್ ಮೋಡ್ ಬಳಸಿದರಂತೂ ಕಿರೀಟದ ಅಂಚಿನ ಮಣಿಗಳಲ್ಲಿ ಕೆಲವು ಹಿನ್ನೆಲೆಯೊಂದಿಗೆ ಮಸುಕಾಗಿಬಿಡುವುದುಂಟು. ವೇಷಭೂಷಣದ ದಾಖಲೆಯಾಗಿ ಉಳಿಯಬೇಕಾದ ಚಿತ್ರದಲ್ಲಿ ಯಂತ್ರದ ಊಹೆ ಬೆರೆಯುವುದನ್ನು ನಾನು ಸಣ್ಣ ದೋಷವೆಂದು ಪರಿಗಣಿಸಲಾರೆ.

ಇನ್ನು 50 ಮೆಗಾಪಿಕ್ಸೆಲ್ ವಿಷಯ. ಇಂಥ ಮೊಬೈಲುಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿಸಿ ಸುಮಾರು 12 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತವೆ. ಇಂಚಿಗೆ 300 ಚುಕ್ಕೆಗಳಂತೆ 12x18 ಇಂಚಿನ ಮುದ್ರಣಕ್ಕೆ ಬೇಕಾಗುವುದು 19 ಮೆಗಾಪಿಕ್ಸೆಲಿಗೂ ಹೆಚ್ಚು. ಅದಕ್ಕಿಂತ ಮುಖ್ಯವಾದುದು ಬೆಳಕು ಒಳಬರುವ ದಾರಿ. ಎಫ್ ಸಂಖ್ಯೆ ಎಂದರೆ ಲೆನ್ಸಿನ ನಾಭಿದೂರವನ್ನು ತೆರಪಿನ ಅಗಲದಿಂದ ಭಾಗಿಸಿದ ಲೆಕ್ಕ. 85 ಎಂ.ಎಂ. ನಾಭಿದೂರದ, ಎಫ್ 1.8 ಲೆನ್ಸಿನ ತೆರಪು ಸುಮಾರು 47 ಮಿಲಿಮೀಟರ್ ಅಗಲವಿದ್ದರೆ, ಅದೇ ಎಫ್ 1.8 ಎಂದು ಬರೆದಿರುವ ಮೊಬೈಲಿನ ಮುಖ್ಯ ಲೆನ್ಸಿನದು ಐದು ಮಿಲಿಮೀಟರನ್ನೂ ಮುಟ್ಟುವುದು ಅಪರೂಪ.

ಹಾಗೆಂದು ಮೊಬೈಲನ್ನು ಮನೆಯಲ್ಲಿಟ್ಟು ಹೋಗಬೇಡಿ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಕನ್ನಡಿ ಹಿಡಿದು ಮುಖದ ಮೇಲೆ ಅಕ್ಕಿಹಿಟ್ಟಿನ ಉಬ್ಬುಚುಕ್ಕೆಗಳಾದ ಚುಟ್ಟಿಯನ್ನು ಒಂದೊಂದಾಗಿ ಇಡುವಾಗ, ಅವರ ಒಪ್ಪಿಗೆ ಪಡೆದು ಪಕ್ಕದಲ್ಲಿ ಕುಳಿತು ತೆಗೆಯಲು ಮೊಬೈಲೇ ಮೇಲು. ಅಲ್ಲಿ ದೀಪ ಹತ್ತಿರವಿರುತ್ತದೆ, ಚಲನೆ ಕಡಿಮೆ, ಮತ್ತು ದೊಡ್ಡ ಲೆನ್ಸು ಕಂಡೊಡನೆ ಬಿಗಿಯಾಗುವ ಮುಖಗಳು ಮೊಬೈಲಿನ ಮುಂದೆ ಸಹಜವಾಗಿರುತ್ತವೆ.

ಕೊಳ್ಳುವುದಾದರೆ ಕ್ಯಾಮೆರಾದ ಬಾಡಿಗಿಂತ ಲೆನ್ಸಿಗೆ ಹೆಚ್ಚು ಗಮನ ಕೊಡಿ. ಸುಸ್ಥಿತಿಯಲ್ಲಿರುವ ಹಳೆಯ ಎಪಿಎಸ್-ಸಿ (ಮೊಬೈಲಿನದಕ್ಕಿಂತ ಬಹಳ ದೊಡ್ಡ ಸಂವೇದಕವಿರುವ) ಕ್ಯಾಮೆರಾ ಮತ್ತು 50 ಎಂ.ಎಂ., ಎಫ್ 1.8 ಲೆನ್ಸು ನಿಮ್ಮ ಕೆಲಸಕ್ಕೆ ಧಾರಾಳವಾಯಿತು. ಎಲ್‌ಇಡಿ ದೀಪಗಳ ಮಿನುಗಿನಿಂದ ಚಿತ್ರದಲ್ಲಿ ಪಟ್ಟೆಗಳು ಮೂಡದಂತೆ ಎಲೆಕ್ಟ್ರಾನಿಕ್ ಶಟರಿನ ಬದಲು ಮೆಕ್ಯಾನಿಕಲ್ ಶಟರ್ ಬಳಸಿ, ಚಿತ್ರಗಳನ್ನು ರಾ (RAW, ಅಂದರೆ ಸಂಸ್ಕರಿಸದ ಕಚ್ಚಾ) ರೂಪದಲ್ಲಿ ಉಳಿಸಿಕೊಳ್ಳಿ. ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲವಿಡೀ ಕ್ಯಾಮೆರಾ ಚೀಲದಲ್ಲೇ ಉಳಿದರೆ ನಮ್ಮ ಕರಾವಳಿಯ ತೇವಕ್ಕೆ ಲೆನ್ಸಿನೊಳಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆಗಿಟ್ಟು, ಆಗಾಗ ಹೊರತೆಗೆದು ಬಳಸುತ್ತಿರಿ.