ಶಾಂಪೂ ವಿಷಯ ಆಮೇಲೆ, ಮೊದಲು ಬೆಳಗಿನ ಒಣ ಬಟ್ಟೆ ನಿಲ್ಲಿಸಿ

ಹೊಸ ಕಪ್ಪು ಕಾರು, ಪುಣೆಯ ಪಿಂಪಳೆ ಸೌದಾಗರ್‌ನ ಅಪಾರ್ಟ್‌ಮೆಂಟ್ ಸೊಸೈಟಿ, ದಿನಾ ಬೆಳಿಗ್ಗೆ ಒರೆಸಿ ತೊಳೆಸ್ತೀರಿ, ಆದರೂ ಬಿಸಿಲಿಗೆ ನಿಲ್ಲಿಸಿದರೆ ಜೇಡರ ಬಲೆ ಥರ ಗೀರು. ಯಾವ ಶಾಂಪೂ ತರಲಿ, ಬಣ್ಣದ ಮೇಲೆ ರಕ್ಷಣೆಗೆ ಹಚ್ಚೋ ಸೆರಾಮಿಕ್ ಕೋಟಿಂಗ್ ಮಾಡಿಸಿಬಿಡಲಾ ಅಂತ ಕೇಳಿದ್ದೀರಿ. ಓದ್ತಿದ್ದ ಹಾಗೇ ನನ್ನ ಗಾಡಿಯ ಬಾನೆಟ್ ಕಣ್ಣ ಮುಂದೆ ಬಂತು. ನಿಮ್ಮ ಗಾಡಿ ಕೆಡ್ತಿರೋದು ಶಾಂಪೂನಿಂದ ಅಲ್ಲ, ದಿನಾ ಒರೆಸೋದರಿಂದ.

ನಾವು ಬಿಜಾಪುರದ ಕಡೆಯವರು. ಯಜಮಾನರ ಕೆಲಸ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಮನೆ ಮೋಶಿಯಲ್ಲಿ. ಗುಡಿ ಪಾಡ್ವಾ ದಿನ ಗಾಡಿ ಮನೆಗೆ ಬಂತು, ಗಾಢ ನೀಲಿ, ಮೆಟ್ಯಾಲಿಕ್. ಚೆಂಡುಹೂವಿನ ಮಾಲೆಯನ್ನ ಬಾನೆಟ್ ಮೇಲೆ ಅಡ್ಡ ಕಟ್ಟಿ, ಕುಂಕುಮದಲ್ಲಿ ಸ್ವಸ್ತಿಕ ಬರೆದು, ಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು ಆಳಂದಿಗೆ ಹೋಗಿ ಬಂದೆವು. ಮರುದಿನ ಮಾಲೆ ಬಿಚ್ಚಿ, ಒಣಗಿ ಹಿಡಿದಿದ್ದ ಕುಂಕುಮವನ್ನ ಹೊಸ ಹಳದಿ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ತೆಗೆದೆ. ಅಲ್ಲಿಂದ ಅದೇ ರೂಢಿಯಾಯ್ತು. ನಮ್ಮಪ್ಪ ಸ್ಕೂಟರನ್ನ ದಿನಾ ಮುಂಜಾನೆ ಒರೆಸಿದ ಮೇಲೇ ಕೀಲಿ ಹಾಕ್ತಿದ್ದರು. ಧೂಳು ಹೊತ್ತ ಗಾಡಿ ಹೊರಗೆ ತೆಗೆಯೋದು ಅಂದರೆ ನಮ್ಮ ಮನೆಯಲ್ಲಿ ಮರ್ಯಾದೆಯ ಪ್ರಶ್ನೆ. ಹಾಗಾಗಿ ಆಫೀಸಿಗೆ ಹೊರಡೋ ಮುಂಚೆ ಡಿಕ್ಕಿಯಿಂದ ಆ ಬಟ್ಟೆ ತೆಗೆದು, ಒಮ್ಮೆ ಕೊಡವಿ, ಬಾನೆಟ್, ಛಾವಣಿ, ಬಾಗಿಲು ಎಲ್ಲ ಒರೆಸಿಯೇ ಕೂರ್ತಿದ್ದೆ. ನೀರಿಲ್ಲ, ಏನಿಲ್ಲ. ಎರಡು ನಿಮಿಷದ ಕೆಲಸ, ಗಾಡಿ ಫಳಫಳ.

ಈ ಎರಡು ನಿಮಿಷದಲ್ಲಿ ಏನಾಗ್ತಿತ್ತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ, ಇಡೀ ಉತ್ತರದಲ್ಲಿ ಮುಖ್ಯವಾದದ್ದು ಇದೇ. ಮೋಶಿಯಲ್ಲಿ ಕಲ್ಲಿನ ಖಾಣಿಗಳಿವೆ, ಆ ಕಡೆ ವಾಘೋಲಿಯಲ್ಲೂ ಇವೆ. ಪುಣೆ ಸುತ್ತಲಿನ ಬಂಡೆ ಅಂದರೆ ದಖ್ಖನ್ನಿನ ಕಪ್ಪು ಬಸಾಲ್ಟ್. ಅದನ್ನೇ ಪುಡಿ ಮಾಡಿ ಕ್ರಶ್ ಸ್ಯಾಂಡ್ ಅಂತ ಹೊಳೆ ಉಸುಕಿನ ಬದಲು ಕಟ್ಟಡಗಳಿಗೆ ಹಾಕ್ತಾರೆ. ನಿಮ್ಮ ಸೊಸೈಟಿ ಪಕ್ಕದಲ್ಲಿ ಇನ್ನೊಂದು ಟವರ್ ಏಳ್ತಿದ್ದರೆ ಆ ಪುಡಿಯೇ ರಾತ್ರಿಯೆಲ್ಲ ನಿಮ್ಮ ಬಾನೆಟ್ ಮೇಲೆ ಇಳಿಯೋದು. ಆ ಕಲ್ಲಿನಲ್ಲಿರೋ ಫೆಲ್ಡ್‌ಸ್ಪಾರ್ ಅನ್ನೋ ಖನಿಜ, ಕಲ್ಲುಗಳ ಗಡಸುತನವನ್ನ 1ರಿಂದ 10ರವರೆಗೆ ಹೇಳೋ ಮೋಸ್ (Mohs) ಅಳತೆಯಲ್ಲಿ 6ರ ಹತ್ತಿರ ಬರುತ್ತೆ, ಕಿಟಕಿ ಗಾಜನ್ನೇ ಗೀರುತ್ತೆ. ಇನ್ನು ಹೊಳೆ ಉಸುಕಿನ ಕ್ವಾರ್ಟ್ಸ್ 7. ಕಾರಿನ ಬಣ್ಣದ ಮೇಲ್ಪದರ, ಕ್ಲಿಯರ್ ಕೋಟ್ ಅಂತಾರಲ್ಲ, ಅದು ಗಾಜೂ ಅಲ್ಲ, ಒಂದು ಬಗೆಯ ಪ್ಲಾಸ್ಟಿಕ್. ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲು ಅದಕ್ಕಿಂತ ದಪ್ಪ.

ಈಗ ಒಣ ಬಟ್ಟೆ ಇಡಿ. ಧೂಳಿನ ಕಣಕ್ಕೆ ಮೇಲೆ ಹೋಗೋಕೂ ಜಾಗವಿಲ್ಲ, ಕೆಳಗೆ ಹೋಗೋಕೂ ಜಾಗವಿಲ್ಲ. ಬಟ್ಟೆ ಅದನ್ನ ಒತ್ತಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದೊಯ್ಯುತ್ತೆ. ಹೋದ ದಾರಿಯೆಲ್ಲ ಗೀರು. ಕೊಡವಿದರೆ ದೊಡ್ಡ ಧೂಳು ಹಾರುತ್ತೆ, ಕಲ್ಲುಪುಡಿಯ ಹರಳು ನೇಯ್ಗೆಯಲ್ಲೇ ಸಿಕ್ಕಿಕೊಂಡಿರುತ್ತೆ, ನಾಳೆ ಅದೇ ಬಟ್ಟೆ, ಅದೇ ಹರಳು. ಒದ್ದೆ ಬಟ್ಟೆ ಹಿಂಡಿ ಒರೆಸಿದರೆ ಪರವಾಗಿಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಧೂಳು ಎದ್ದು ಕಾಣೋದಿಲ್ಲ, ಅಷ್ಟೇ. ಅರೆಬರೆ ಒದ್ದೆಯಲ್ಲಿ ಅದು ಕೆಸರಾಗಿ ಬಟ್ಟೆಗೆ ಅಂಟಿಕೊಂಡು ಇನ್ನೂ ಚೆನ್ನಾಗಿ ಉಜ್ಜುತ್ತೆ. ಎಳೆಎಳೆಯಾಗಿ ಮೇಣ ಹಚ್ಚಿದ ಡಸ್ಟರ್ ಸಿಗ್ನಲ್‌ನಲ್ಲಿ ಮಾರೋಕೆ ಬರುತ್ತಲ್ಲ, ಅದೂ ಇದೇ ಜಾತಿ. ಒಂದೊಂದು ಗೀರೂ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದಕ್ಕೇ ಮೋಸ ಹೋಗೋದು. ಸಾವಿರಾರು ಸೇರಿದ ಮೇಲೆ ಬಿಸಿಲು ಬಿದ್ದಾಗ ಕಾಣುತ್ತೆ, ಬೆಳಕಿನ ಬಿಂದುವಿನ ಸುತ್ತ ಸುರುಳಿ ಸುರುಳಿಯಾಗಿ. ಗೀರುಗಳು ಇರೋದು ದಿಕ್ಕಾಪಾಲಾಗಿ. ಬೆಳಕಿಗೆ ಅಡ್ಡಲಾಗಿರೋವು ಮಾತ್ರ ಹೊಳೆಯೋದರಿಂದ ಕಣ್ಣಿಗೆ ಸುರುಳಿ ಅನ್ನಿಸುತ್ತೆ. ಮೊಬೈಲ್ ಟಾರ್ಚ್ ಹಿಡಿದು ನೋಡಿ.

ನನಗೆ ಕಂಡದ್ದು ನಾಶಿಕ್ ಹೆದ್ದಾರಿಯ ಪೆಟ್ರೋಲ್ ಪಂಪ್‌ನಲ್ಲಿ, ರಾತ್ರಿ, ಬಿಳಿ ದೀಪದ ಕೆಳಗೆ. ಹೊಟ್ಟೆ ಉರಿದುಹೋಯ್ತು. ಪಾಲಿಶ್ ಮಾಡಿಸಿದೆ, ಕನ್ನಡಿಯಾಗಿ ಬಂತು. ಆದರೆ ಬೆಳಗಿನ ಬಟ್ಟೆ ಬಿಡಲಿಲ್ಲ. ಕೆಲವೇ ತಿಂಗಳಿಗೆ ಮತ್ತೆ ಅದೇ ಸುರುಳಿ, ಮತ್ತೆ ಪಾಲಿಶ್. ಪಾಲಿಶ್ ಅಂದರೆ ಗೀರನ್ನ ತುಂಬೋದು ಅಂತ ತಿಳಿದಿದ್ದೆ. ಅಲ್ಲ. ಗೀರಿನ ಆಳದವರೆಗೂ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸೋದು. ಪ್ರತಿ ಸಲ ಕೆಲವು ಮೈಕ್ರಾನ್ ಹೋಗುತ್ತೆ, ಹೋದದ್ದು ವಾಪಸ್ ಬರೋದಿಲ್ಲ. ಮತ್ತೊಮ್ಮೆ ಒಯ್ದಾಗ ಪಾಲಿಶ್ ಮಾಡೋ ಮನುಷ್ಯ, "ತಾಯಿ, ಇಲ್ಲಿ ಪದರ ತೆಳ್ಳಗಿದೆ" ಅಂತ ಹೇಳಿಯೇ ಕೈ ಹಾಕಿದ್ದ, ನಾನೇ ಮಾಡಿ ಅಂದೆ. ಬಾನೆಟ್‌ನ ಮಡಿಕೆ ಇರುತ್ತಲ್ಲ, ಆ ಉಬ್ಬು ಗೆರೆ, ಅಲ್ಲಿ ಮೆಷಿನ್ ಓಡುತ್ತಿದ್ದ ಹಾಗೆ ಬಿಳಿ ಪ್ಯಾಡಿನ ಮೇಲೆ ನೀಲಿ ಬಂತು. ಕ್ಲಿಯರ್ ಕೋಟ್ ದಾಟಿ ಬಣ್ಣಕ್ಕೇ ತಾಗಿತ್ತು. ಆಮೇಲೆ ಮಾಡೋಕೆ ಏನೂ ಉಳಿಯೋದಿಲ್ಲ, ಇಡೀ ಬಾನೆಟ್ ಮತ್ತೆ ಪೇಂಟ್. ಸಂಜೆ ಬಿಸಿಲಿನಲ್ಲಿ ಪಕ್ಕದ ಫೆಂಡರ್ ಜೊತೆ ನೋಡಿದರೆ ಎರಡೂ ಬೇರೆ ಬೇರೆ ನೀಲಿ.

ಸೆರಾಮಿಕ್ ಕೋಟಿಂಗ್ ಕೇಳಿದ್ದೀರಿ. ನಾನಾದರೆ ಈಗ ಮಾಡಿಸಲ್ಲ. 9ಎಚ್ ಗಡಸುತನ, ಗೀರೇ ಬೀಳಲ್ಲ ಅಂತ ಮಾರ್ತಾರೆ. ಆ 9ಎಚ್ ಪೆನ್ಸಿಲ್ ಗಡಸುತನದ ಅಳತೆ, ಕಲ್ಲಿನದ್ದಲ್ಲ. 9ಎಚ್ ಪೆನ್ಸಿಲ್ ಗೀರದ ಪದರವನ್ನ ಕ್ರಶ್ ಸ್ಯಾಂಡ್ ಆರಾಮಾಗಿ ಗೀರುತ್ತೆ. ನೀರು ಜಾರಿ ಹೋಗೋಕೆ, ಕೊಳೆ ಸುಲಭವಾಗಿ ಬಿಡೋಕೆ ಅದು ಒಳ್ಳೇದೇ. ಒಣ ಬಟ್ಟೆಯಿಂದ ಕಾಪಾಡಲ್ಲ.

ಧೂಳು ಕೂತಿದ್ದರೆ ಕೂತಿರಲಿ, ಅದು ಸುಮ್ಮನೆ ಕೂತಾಗ ಬಣ್ಣವನ್ನ ಗೀರಲ್ಲ. ಮುಂದಿನ ಗಾಜು, ಕನ್ನಡಿ, ನಂಬರ್ ಪ್ಲೇಟ್ ದಿನಾ ನೀರು ಹಾಕಿ ಒರೆಸಿ, ಉಳಿದದ್ದನ್ನ ವಾರಕ್ಕೊಮ್ಮೆ ತೊಳೆಯಿರಿ. ನೀರಿನ ಚಿಂತೆ ನನಗೂ ಗೊತ್ತು, 2019ರ ನವೆಂಬರ್‌ನಲ್ಲಿ ಪಿಂಪ್ರಿ-ಚಿಂಚ್‌ವಾಡ ಪಾಲಿಕೆ ದಿನ ಬಿಟ್ಟು ದಿನ ನೀರು ಬಿಡೋಕೆ ಶುರು ಮಾಡಿದಾಗಿಂದ ನಮ್ಮ ಸೊಸೈಟಿಯಲ್ಲಿ ಪೈಪ್ ಹಿಡಿಯೋ ಹಾಗಿಲ್ಲ. ನಾನು ಊರಿಂದ ಹೊಲಕ್ಕೆ ಔಷಧ ಹೊಡೆಯೋ 16 ಲೀಟರ್ ಪಂಪ್ ತಂದಿಟ್ಟುಕೊಂಡಿದ್ದೀನಿ. ಹೊಸದೇ ಇರಬೇಕು, ಔಷಧ ಹಾಕಿದ್ದು ಬೇಡ. ಗಾಡಿ ನೆರಳಲ್ಲಿ ನಿಂತು ಬಾನೆಟ್ ತಣ್ಣಗಾಗಿರಬೇಕು. ಮೊದಲು ಚಕ್ರ ತೊಳೆದುಬಿಡಿ, ಅದರ ಬಕೆಟ್ಟೂ ಬೇರೆ, ಬಟ್ಟೆಯೂ ಬೇರೆ. ಬ್ರೇಕಿನ ಧೂಳಿನಲ್ಲಿ ಕಬ್ಬಿಣದ ಚೂರು ಇರುತ್ತೆ. ಆಮೇಲೆ ಸ್ವಲ್ಪ ಕಾರ್ ಶಾಂಪೂ ಬೆರೆಸಿದ ನೀರನ್ನ ಗಾಡಿ ಪೂರ್ತಿ ಸಿಂಪಡಿಸಿ ಐದು ನಿಮಿಷ ನೆನೆಯೋಕೆ ಬಿಡಿ, ಒಣಗಬಾರದು. ಮೇಲಿಂದ ಕೆಳಗೆ ಬರೀ ನೀರು ಹೊಡೆದು ಇಳಿಸಿ. ಇಷ್ಟು ಮಾಡೋವರೆಗೆ ಕೈಯಾಗಲಿ ಬಟ್ಟೆಯಾಗಲಿ ಗಾಡಿಗೆ ತಾಗಬಾರದು. ಹರಳು ಹೋಗೋದು ಈ ಹಂತದಲ್ಲೇ.

ಆಮೇಲೆ ಎರಡು ಬಕೆಟ್, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನ ಶಾಂಪೂವಿನಲ್ಲಿ ಅದ್ದಿ ಛಾವಣಿಯಿಂದ ಶುರು ಮಾಡಿ. ಉದ್ದಕ್ಕೆ ಎಳೆಯಿರಿ, ದುಂಡಗೆ ತಿರುವಬೇಡಿ, ಒತ್ತಬೇಡಿ, ಅದರ ಭಾರವೇ ಸಾಕು. ಒಂದು ಭಾಗ ಮುಗೀತಾ, ಬರೀ ನೀರಿನ ಬಕೆಟ್‌ನಲ್ಲಿ ಜಾಲಾಡಿಸಿ ಹಿಂಡಿ, ಮತ್ತೆ ಶಾಂಪೂ. ಬಾಗಿಲಿನ ಕೆಳಭಾಗ ಕಟ್ಟಕಡೆಗೆ. ಕೆಳಗೆ ಹೋದ ಕೈಗವಸು ಮತ್ತೆ ಬಾನೆಟ್‌ಗೆ ಬರಬಾರದು. ನೆಲಕ್ಕೆ ಬಿದ್ದ ಬಟ್ಟೆ ಅವತ್ತಿನ ಮಟ್ಟಿಗೆ ಗಾಡಿಗಿಲ್ಲ. ಟ್ಯಾಂಕರ್ ನೀರು, ಬೋರ್ ನೀರು ಆದರೆ ತಾನಾಗಿ ಒಣಗೋಕೆ ಬಿಡಬೇಡಿ, ಸುಣ್ಣದ ಕಲೆ ನಿಲ್ಲುತ್ತೆ. ದೊಡ್ಡ ಟವೆಲ್ ಹಾಸಿ ಮೆಲ್ಲಗೆ ಒತ್ತಿ ನೀರು ಹೀರಿಸಿ. ಶಾಂಪೂ ಯಾವುದಾದರೂ ಕಾರಿನದ್ದೇ ಇರಲಿ. ಪಾತ್ರೆ ತೊಳೆಯೋ ಲಿಕ್ವಿಡ್ ಬೇಡ, ಹಚ್ಚಿದ ವ್ಯಾಕ್ಸ್ ಎಲ್ಲ ಕಿತ್ತು ಬರುತ್ತೆ.

ಪಾರಿವಾಳದ ಹಿಕ್ಕೆಗೆ ಮಾತ್ರ ವಾರ ಕಾಯಬೇಡಿ. ಅದರ ಆಮ್ಲ ಬಿಸಿಲಿಗೆ ಬಣ್ಣವನ್ನ ತಿನ್ನುತ್ತೆ. ಒದ್ದೆ ಟಿಶ್ಯೂ ಅದರ ಮೇಲೆ ಹಾಕಿ, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ, ಉಜ್ಜಬೇಡಿ.

ಗಾಡಿ ಒರೆಸೋ ಹುಡುಗನನ್ನ ಬಿಡಿಸಿಬಿಡಿ ಅಂತ ಬೇರೆಯವರು ಹೇಳಬಹುದು. ನಾನು ಒಪ್ಪಲ್ಲ. ನಮ್ಮಲ್ಲಿ ಬರೋನು ಸಿಂದಗಿ ಕಡೆಯ ಹುಡುಗ, ಒಂದೇ ಬಕೆಟ್, ಒಂದೇ ಅರಿವೆ, ಪಾರ್ಕಿಂಗಿನ ಇಡೀ ಸಾಲು ಮುಗಿಸಬೇಕು. ಕೆಲವು ಗಾಡಿ ದಾಟೋದರಲ್ಲೇ ನೀರು ಬೂದು ಬಣ್ಣಕ್ಕೆ ತಿರುಗಿರುತ್ತೆ. ದಿನಾ ಒರೆಸಬೇಡ ಅಂದಾಗ, "ಅಕ್ಕಾರ, ಒರಸಲಿಲ್ಲಂದ್ರ ಹುಡುಗ ಬಂದೇ ಇಲ್ಲ ಅಂತಾರ್ರಿ, ಪಗಾರ ಕಟ್ ಮಾಡ್ತಾರ್ರಿ" ಅಂದ. ಅವನು ಹಾಗೆ ಮಾಡೋದು ನಾವು ದಿನಾ ಹೊಳಪು ಕೇಳೋದಕ್ಕೆ. ಈಗ ಪಗಾರ ಅಷ್ಟೇ ಕೊಡ್ತೀನಿ, ದಿನಾ ಬರೀ ಗಾಜು ಒರೆಸ್ತಾನೆ, ಭಾನುವಾರ ನನ್ನ ಬಕೆಟ್, ನನ್ನ ಬಟ್ಟೆ ತಗೊಂಡು ಇಬ್ಬರೂ ಸೇರಿ ತೊಳೀತೀವಿ. ಮೇಲಿನ ಕ್ರಮ ಅವನಿಗೆ ಒಂದೇ ಸಲಕ್ಕೆ ಹಿಡಿಸ್ತು, ನನಗಿಂತ ಹಗುರ ಕೈ ಅವನದು.

ಈಗಾಗಲೇ ಬಿದ್ದಿರೋ ಗೀರಿಗೆ ಅವಸರ ಮಾಡಬೇಡಿ. ಮೊದಲು ತೊಳೆಯೋ ಪದ್ಧತಿ ಬದಲಾಗಲಿ, ಈ ಮಳೆಗಾಲ ಕಳೀಲಿ, ದಸರಾ ಹತ್ತಿರ ಬಂದಾಗ ಒಮ್ಮೆ ಮಾತ್ರ ಪಾಲಿಶ್ ಮಾಡಿಸಿ. ಮೆಷಿನ್ ಹಚ್ಚೋ ಮುಂಚೆ ಪೇಂಟಿನ ದಪ್ಪ ಅಳೆಯೋ ಮೀಟರ್ ಇಡಿಸಿ. ಬಾನೆಟ್, ಛಾವಣಿ, ನಾಲ್ಕೂ ಬಾಗಿಲಿನ ಅಂಕಿ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ, ಮುಗಿದ ಮೇಲೆ ಮತ್ತೆ ಅಳೆಸಿ. ಮೀಟರ್ ಇಲ್ಲ ಅಂದರೆ ಗಾಡಿ ಅಲ್ಲಿಂದ ತಿರುಗಿಸಿಕೊಂಡು ಬನ್ನಿ.