ಕಿವುಡ ಮಗುವಿಗೆ ಕುರ್‌ಆನ್: ಓದಿಗೆ ಒಂದು ಸಂಜ್ಞೆ, ಅರ್ಥಕ್ಕೆ ಇನ್ನೊಂದು

ಪ್ರಶ್ನೆ: ಇಂಡೊನೇಷ್ಯಾದಲ್ಲಿ ಕಿವುಡ ಮಕ್ಕಳು ಕೈಸನ್ನೆಯಲ್ಲೇ ಕುರ್‌ಆನ್ ಓದುತ್ತಾರಂತೆ. ನಮ್ಮ ಮದರಸಕ್ಕೆ ಹುಟ್ಟಿನಿಂದಲೇ ಕಿವಿ ಕೇಳದ ಹತ್ತು ವರ್ಷದ ಹುಡುಗ ಸೇರಿದ್ದಾನೆ. ಅವನಿಗೆ ಭಾರತೀಯ ಸಂಜ್ಞಾ ಭಾಷೆ ಬರುತ್ತದೆ. ಅದರಲ್ಲೇ ಕಲಿಸಿದರೆ ಸಾಲದೇ?

ಉತ್ತರ: ಅರ್ಥ ತಿಳಿಸಲು ಸಾಕು, ಓದಿಸಲು ಸಾಲದು. ಓದಿಗೆ ಅರಬಿಯ 28 ಅಕ್ಷರಗಳ ಬೆರಳ ಸಂಜ್ಞೆ ಬೇಕು, ಜೊತೆಗೆ ಅಕ್ಷರದ ಮೇಲೆ-ಕೆಳಗೆ ಹಾಕುವ ಉಚ್ಚಾರದ ಗುರುತುಗಳಾದ ಫತಹ್, ಕಸ್ರ, ದಮ್ಮ, ಸುಕೂನ್, ಶದ್ದುಗಳದ್ದೂ ಬೇಕು. ಬಾ ಅಕ್ಷರಕ್ಕೆ ಒಂದು ಬೆರಳು, ತಾ ಅಕ್ಷರಕ್ಕೆ ಎರಡು, ಥಾ ಅಕ್ಷರಕ್ಕೆ ಮೂರು. ಈ ಮೂರರಲ್ಲಿ ಅಕ್ಷರದ ಚುಕ್ಕಿಗಳ ಲೆಕ್ಕವೇ ಬೆರಳಿನ ಲೆಕ್ಕ. ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಎಡವುವುದು ಕೂಡಕ್ಷರದಲ್ಲಿ: ಬಿಡಿಯಾಗಿ ಕಲಿತ ಅಕ್ಷರ ಪದದ ನಡುವೆ ರೂಪ ಬದಲಿಸಿದರೆ ಗುರುತೇ ಸಿಗುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಬಿಡಿ, ಆರಂಭ, ನಡು, ಕೊನೆಯ ರೂಪಗಳನ್ನು ಒಂದೇ ಕೈಸನ್ನೆಗೆ ಜೋಡಿಸಿ ತೋರಿಸಿ.

ಇಂಡೊನೇಷ್ಯಾದ ಧಾರ್ಮಿಕ ವ್ಯವಹಾರಗಳ ಸಚಿವಾಲಯದ ಸಂಜ್ಞಾ ಮುಸ್‌ಹಫ್‌ನಲ್ಲಿ (ಕುರ್‌ಆನ್ ಪ್ರತಿಯಲ್ಲಿ) ಎರಡು ಪದ್ಧತಿಗಳಿವೆ. ಕಿತಾಬಾದಲ್ಲಿ ಬರೆದದ್ದನ್ನೆಲ್ಲ ತೋರಿಸಬೇಕು, ತಿಲಾವಾದಲ್ಲಿ ಉಚ್ಚರಿಸುವುದನ್ನಷ್ಟೇ. ‘ಅರ್ರಹ್ಮಾನ್’ ಪದದಲ್ಲಿ ಲಾಮ್ ಬರೆದಿರುತ್ತದೆ, ಉಚ್ಚಾರದಲ್ಲಿ ಇಲ್ಲ. ಒಂದು ದಿನ ಅದನ್ನು ತೋರಿಸಿ ಮರುದಿನ ಬಿಟ್ಟರೆ ಹುಡುಗ ಕಂಗಾಲಾಗುತ್ತಾನೆ. ಸದ್ದನ್ನೇ ಕೇಳದವನಿಗೆ ಕಿತಾಬಾ ಒಳ್ಳೆಯದು, ಏಕೆಂದರೆ ಕಣ್ಣಿಗೆ ಕಂಡದ್ದೇ ಕೈಗೂ ಬರುತ್ತದೆ. ಅಲ್ಪಸ್ವಲ್ಪ ಕೇಳಿ ಮಾತಾಡುವ ಮಗುವಿಗಾದರೆ ತಿಲಾವಾ.

ಅಲ್-ಕೌಸರ್ ಸೂರಾದಿಂದ (ಅಧ್ಯಾಯದಿಂದ) ಶುರುಮಾಡಿ: 3 ಆಯತ್ (ವಾಕ್ಯ), 10 ಪದ. ಹತ್ತು ಕಾರ್ಡುಗಳಲ್ಲಿ ಪದಗಳನ್ನು ಬರೆದು ಕಲಸಿಡಿ. ಹುಡುಗ ಕ್ರಮವಾಗಿ ಜೋಡಿಸಲಿ, ಬೆರಳಲ್ಲಿ ಓದಲಿ, ಆಮೇಲೆ ಅರ್ಥವನ್ನು ತನ್ನ ಸಂಜ್ಞಾ ಭಾಷೆಯಲ್ಲಿ ಹೇಳಲಿ. ಅರ್ಥ ಹೇಳಿಸುವ ಈ ಕೊನೆಯ ಹಂತವನ್ನು ಕೈಬಿಟ್ಟರೆ ಬೆರಳು ಸರಾಗ ಓಡುತ್ತದೆ, ಅರ್ಥ ಮಾತ್ರ ಸೊನ್ನೆ. ನೋಡುವವರಿಗೆ ಅದು ಗೊತ್ತೂ ಆಗುವುದಿಲ್ಲ. ಧಾರ್ಮಿಕ ಪದಗಳಿಗೆ ಸಂಜ್ಞೆಗಳನ್ನು ನೀವೇ ಕಟ್ಟಬೇಡಿ, ಊರಿನ ಹಿರಿಯ ಕಿವುಡ ಮುಸ್ಲಿಮರನ್ನು ಕೇಳಿ.

ಕೂರುವ ಜಾಗವೂ ಮುಖ್ಯ. ಉಸ್ತಾದರ ಬೆನ್ನಿಗೆ ಕಿಟಕಿಯಿದ್ದರೆ ಕೈ ಕಪ್ಪಗೆ ಕಾಣುತ್ತದೆ. ಮುಸ್‌ಹಫ್ ಮತ್ತು ಕೈ ಎರಡನ್ನೂ ಒಟ್ಟಿಗೆ ನೋಡಲಾಗದು. ಪದ ತೋರಿಸಿ, ನಿಲ್ಲಿಸಿ, ಅವನ ಕಣ್ಣು ನಿಮ್ಮತ್ತ ಬಂದ ಮೇಲೆ ಕೈ ಎತ್ತಿ. ಎದುರು ಕೂತು ಕಲಿತ ಹುಡುಗ ಅಂಗೈಯನ್ನು ತನ್ನ ಕಡೆ ತಿರುಗಿಸಿಬಿಡುತ್ತಾನೆ. ಕನ್ನಡಿಯ ಮುಂದೆ ಪಕ್ಕಪಕ್ಕ ಕೂತರೆ ಅದು ಸರಿಹೋಗುತ್ತದೆ.

ಮಾತಾಡಲಾಗದವನು ನಮಾಝಿನಲ್ಲಿ ನಾಲಗೆ ಅಲ್ಲಾಡಿಸಬೇಕೇ ಎಂಬುದರಲ್ಲಿ ಮದ್‌ಹಬ್‌ಗಳಿಗೆ (ಇಸ್ಲಾಮಿ ಕಾನೂನಿನ ಪಂಥಗಳಿಗೆ) ಭಿನ್ನಮತವಿದೆ. ನಿಮ್ಮ ಮಹಲ್ಲಿನ ಆಲಿಮರನ್ನು (ಧರ್ಮ ವಿದ್ವಾಂಸರನ್ನು) ಕೇಳಿ.