ಜಾತ್ರ್ಯಾಗ ನಿಂತು ಜಿಲ್ಲಾದ ಮಂದಿ ಎಣಿಸಿದಂಗ

ಪ್ರಶ್ನೆ: ಸರ್, ನಾ ಬಾಗಲಕೋಟಿ ಕಡೆಯಾಕಿ, ಬಿಎಸ್ಸಿ ಓದಾಕತ್ತೀನಿ. ಆರೆಂಜ್ ರಫಿ ಅನ್ನೋ ಆಳಸಮುದ್ರದ ಮೀನು ಭಾಳ ಕಡಿಮಿ ಆಗ್ಯಾವ ಅಂತ ಓದಿದೆ. ಅಷ್ಟ್ ಆಳದಾಗಿನ ಮೀನು ಹೆಂಗ ಎಣಸ್ತಾರ್ರೀ? ನಮ್ಮಪ್ಪ ಆಲಮಟ್ಟಿ ಹಿನ್ನೀರಿನ್ಯಾಗ ಮೀನು ಹಿಡೀತಾರ, ಬಲಿ ತುಂಬಿದ್ರ ಮೀನು ರಗಡ ಅದಾವ ಅಂತನ ಲೆಕ್ಕ ಅಂತಾರ.

ಉತ್ತರ: ತಂಗಿ, ಈ ಮೀನಿನ ವಿಷಯದಾಗ ಬಲಿ ನಂಬಿನ ಮಂದಿ ಮೋಸ ಹೋಗಿದ್ದು. ಆರೆಂಜ್ ರಫಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ನಮೀಬಿಯಾ, ಚಿಲಿ ಕಡೆ, ಅಟ್ಲಾಂಟಿಕ್‌ನ್ಯಾಗ, ಹಿಂದೂ ಮಹಾಸಾಗರದ ದಕ್ಷಿಣಕ್ಕ, ಹಿಂಗ ಭಾಳ ದೂರ ಹರಡೇತಿ, ಹೆಚ್ಚಾಗಿ 500ರಿಂದ 1500 ಮೀಟರ್ ಆಳದಾಗ. ಆದ್ರ ತತ್ತಿ ಇಡೋ ಟೈಮಿಗೆ ಆಯಾ ಕಡಿ ಮೀನು ಬಂದು, ಹೆಚ್ಚಾಗಿ ಸಮುದ್ರದೊಳಗಿನ ಗುಡ್ಡದ ಸುತ್ತ, ಒಂದ ಕಡೆ ಗುಂಪು ಸೇರ್ತಾವ. ವಿಜಯಪುರದಾಗ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿ ಆಗ್ತೈತೆಲ್ಲ, ಆ ಗದ್ದಲದಾಗ ನಿಂತು ಜಿಲ್ಲಾದ ತುಂಬ ಹಿಂಗ ಮಂದಿ ಅದಾರ ಅಂದ್ರ ಹೆಂಗ? ಊರೂರು ಖಾಲಿ ಆಗಾಕತ್ತಿದ್ರೂ ಜಾತ್ರಿ ತುಂಬಿದಂಗನ ಕಾಣ್ತದ. 1970ರ ದಶಕದ ಕೊನಿಗೆ ನ್ಯೂಜಿಲೆಂಡ್‌ದಾಗ ದೊಡ್ಡ ಪ್ರಮಾಣದಾಗ ಹಿಡಿಯಾಕ ಶುರು ಮಾಡಿದ್ರು, ಗುಂಪಿನ ಮ್ಯಾಲ ಟ್ರಾಲ್ ಬಲಿ (ಹಡಗಿನ ಹಿಂದ ಎಳಿಯೋ ದೊಡ್ಡ ಚೀಲದಂಥ ಬಲಿ) ಎಳದ್ರ ಪ್ರತಿ ಸಲ ತುಂಬೇ ಬರೋದು, ಅದಕ್ಕ ಕಡಿಮಿ ಆಗಿದ್ದು ಗೊತ್ತಾಗೋದ್ರಾಗ ತಡ ಆತು.

ಈಗ ಹಡಗಿನಿಂದ ಸೌಂಡ್ ಬಿಟ್ಟು ವಾಪಸ್ ಬರೋ ಪ್ರತಿಧ್ವನಿ ಮ್ಯಾಲ ಅಂದಾಜು ಮಾಡ್ತಾರ, ಅದೂ ಸರಳ ಇಲ್ಲ ನೋಡು. ಬ್ಯಾರೆ ಭಾಳ ಮೀನಿನ ಹೊಟ್ಟಿಯೊಳಗ ಗಾಳಿಚೀಲ ಇರ್ತೈತಿ, ಅದು ಸೌಂಡ್ ಜೋರಾಗಿ ತಿರುಗಿಸಿ ಕಳಸ್ತೈತಿ, ಆರೆಂಜ್ ರಫಿ ಚೀಲದಾಗ ಗಾಳಿ ಬದಲಿ ಮೇಣದಂಥ ಎಣ್ಣಿ ಇರ್ತೈತಿ, ಪ್ರತಿಧ್ವನಿ ಭಾಳ ಸಣ್ಣದು. ಪಕ್ಕದಾಗ ಗಾಳಿಚೀಲದ ಸಣ್ಣ ಮೀನು ಒಂದೀಟು ಸೇರಿದ್ರೂ ಆರೆಂಜ್ ರಫಿದ ದೊಡ್ಡ ಗುಂಪು ಅಂತ ಲೆಕ್ಕ ತಪ್ಪತೈತಿ. ಅದಕ್ಕ ಬ್ಯಾರೆ ಬ್ಯಾರೆ ಫ್ರೀಕ್ವೆನ್ಸಿ ಬಿಟ್ಟು ಹೋಲಿಸಿ ನೋಡ್ತಾರ, ಬಲಿ ಹಾಕಿ ಖಾತ್ರಿ ಮಾಡ್ಕೋತಾರ, ನೀರಿನ್ಯಾಗಿನ ತತ್ತಿ ಎಣಿಸಿ ತಾಯಿಮೀನು ಎಷ್ಟಿರಬೇಕು ಅಂತನೂ ಲೆಕ್ಕ ಹಾಕಿದ್ದುಂಟು.

ಎಷ್ಟು ಅದಾವ ಅನ್ನೋದರ ಜೋಡಿ ವಯಸ್ಸೂ ನೋಡ್ತಾರ, ಅದನ್ನ ನೋಡೂದು ಕಿವಿಕಲ್ಲಿನ್ಯಾಗ. ಮೀನಿನ ತಲಿಯೊಳಗ ಸಣ್ಣ ಬಿಳಿ ಕಲ್ಲಿರ್ತಾವ, ನಿಮ್ಮಪ್ಪಾರು ತರೋ ಕಾಟ್ಲಾ ಮೀನಿನ್ಯಾಗೂ ಅದಾವ. ಅದನ್ನ ತೆಳ್ಳಗ ಕೊಯ್ದು ಮೈಕ್ರೋಸ್ಕೋಪಿನ್ಯಾಗ ನೋಡಿದ್ರ ಮರದ ಬಡ್ಡಿಯಾಗಿನಂಗ ಉಂಗುರ ಕಾಣ್ತಾವ, ಎಣಿಸಿದ್ರ 200 ವರ್ಷ ದಾಟಿದ ಆರೆಂಜ್ ರಫಿನೂ ಸಿಕ್ಕಾವ! ಕಾಟ್ಲಾ ಎರಡು ಮೂರು ವರ್ಷಕ್ಕ ತತ್ತಿ ಇಡಾಕ ಬರ್ತೈತಿ, ಇದಕ್ಕ ಸುಮಾರು 30 ವರ್ಷ ಬೇಕು. ಈಗ ಮೊದಲನೇ ಸಲ ಗುಂಪಿಗೆ ಬರಾಕತ್ತಿರೋ ಮೀನು ಹೆಚ್ಚುಕಮ್ಮಿ 1990ರ ದಶಕದಾಗ ಹುಟ್ಟಿದ್ದು ತಂಗಿ, ಅದರ ಆಮ್ಯಾಲ ಹುಟ್ಟಿದ್ದರಾಗ ಭಾಳಷ್ಟು ಇನ್ನೂ ತತ್ತಿ ಇಟ್ಟಿಲ್ಲ.